ಗಂಟೆಯ ಒಳಗಿನ ಅಂಕಿ

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಒಂದು ಲೋಹ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪೈಪು, ವಾಲ್ವು, ಬೋಲ್ಟುಗಳು ಬರುತ್ತವೆ. ಕಾಗದದಲ್ಲಿ ಯಾವ ಲೋಹ ಎಂದು ಬರೆದಿದೆಯೋ ವಸ್ತು ನಿಜಕ್ಕೂ ಅದೇ ಲೋಹದ್ದೇ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಮೈಸೂರಿನಲ್ಲಿ ಮೆಟಲರ್ಜಿ ಓದುವಾಗ ಇದಕ್ಕಿಂತ ದೊಡ್ಡದೇನಾದರೂ ಮಾಡುತ್ತೇನೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ತಪ್ಪು ಲೋಹದ ಒಂದು ಪೈಪು ಗ್ಯಾಸ್ ಲೈನಿನಲ್ಲಿ ಕೂತರೆ ಏನಾಗುತ್ತದೆ ಎಂದು ಒಮ್ಮೆ ಫೋಟೋಗಳಲ್ಲಿ ನೋಡಿದವರು ಈ ಸಹಿಯನ್ನು ಹಗುರವಾಗಿ ಹಾಕಲಾರರು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಪಕ್ಕದ ಯಾರ್ಡಿನ ಸ್ಟೋರ್ ಕೀಪರ್ ಕಾಕ ಒಂದು ಶೂ ಡಬ್ಬಿಯನ್ನು ಎದೆಗೆ ಅವಚಿಕೊಂಡು ಒಳಗೆ ಬಂದರು. ಉಳ್ಳಾಲದ ಕಡೆಯವರು. ಕತಾರಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಅವರ ಊರಿನವರೆಲ್ಲ ಅವರನ್ನು ಕಾಕ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರಿಂದ ನನಗೂ ಅವರು ಕಾಕನೇ ಆದರು. ನನ್ನ ಹಳೇ ಮೈಸೂರಿನ ಕನ್ನಡ ಕೇಳಿ ಅವರಿಗೆ ನಗು, ಅವರ ಕರಾವಳಿ ಕನ್ನಡ ಕೇಳಿದರೆ ನನಗೆ ಏನೋ ಸಮಾಧಾನ. ಅವತ್ತು ಅವರು ನಗಲಿಲ್ಲ.

"ಮೇಡಂ, ಒಂದು ಸಣ್ಣ ಉಪಕಾರ ಆಗ್ಬೇಕಿತ್ತು."

"ಬನ್ನಿ ಕಾಕ, ಕೂತ್ಕೊಳ್ಳಿ. ಊಟ ಆಯ್ತಾ?"

"ಊಟ ಮತ್ತೆ ಮಾಡ್ವ. ಇದು ಅವನದ್ದು."

ಯಾರದ್ದು ಎಂದು ನಾನು ಕೇಳಬೇಕಾಗಿರಲಿಲ್ಲ. ಒಂಬತ್ತು ದಿನಗಳ ಹಿಂದೆ ಕಾಕನ ರೂಮಿನವನೊಬ್ಬ ತೀರಿಕೊಂಡಿದ್ದ. ಸಿರಿಯಾದವನು, ಅದೇ ಯಾರ್ಡಿನ ವೆಲ್ಡಿಂಗ್ ಇನ್ಸ್‌ಪೆಕ್ಟರ್. ನಲವತ್ತು ದಾಟಿರಲಿಲ್ಲ. ಮುಐದರ್ ಬಡಾವಣೆಯಲ್ಲಿ ಒಂದು ವಿಲ್ಲಾವನ್ನು ಗೋಡೆ ಹಾಕಿ ಸಣ್ಣ ಸಣ್ಣ ರೂಮು ಮಾಡಿದ್ದರು, ಅದರಲ್ಲೊಂದು ಇವರಿಬ್ಬರದು. ಬೆಳಗಿನ ನಮಾಜಿಗೆ ಎದ್ದು ಬಾತ್‌ರೂಮಿಗೆ ಹೋದವನು ಹೊರಗೆ ಬರಲಿಲ್ಲ. ಬಾಗಿಲು ಒಡೆದವರು ಕಾಕ. ಹೃದಯ ನಿಂತಿತ್ತಂತೆ. ಊರಿಗೆ ಒಯ್ಯುವ ಹಾಗಿರಲಿಲ್ಲ, ಇಲ್ಲಿಯೇ ಮಣ್ಣು ಮಾಡಿದರು.

ನನಗೂ ಅವನು ಚೆನ್ನಾಗಿ ಗೊತ್ತಿದ್ದವನೇ. ವಾರಕ್ಕೆರಡು ಸಲ ಸ್ಯಾಂಪಲ್ ಹಿಡಿದು ಬರುತ್ತಿದ್ದ. ಮಾತು ಕಡಿಮೆ. ಒಮ್ಮೆ ನಾನು ಒಂದು ಅಂಕಿಯನ್ನು ಅರ್ಧ ಪಾಯಿಂಟಿನಷ್ಟು ಮೇಲಕ್ಕೆ ಸರಿಸಿ ಬರೆದಿದ್ದೆ. ಅದರಿಂದ ಏನೂ ಆಗುತ್ತಿರಲಿಲ್ಲ. ಆದರೂ ಅವನು ರಿಪೋರ್ಟನ್ನು ವಾಪಸು ತಂದು ಮೇಜಿನ ಮೇಲಿಟ್ಟು, "ಮೆಷೀನ್ ಹೇಳಿದ್ದನ್ನೇ ಬರಿ, ಸಿಸ್ಟರ್" ಅಂದಿದ್ದ. ಸಿಟ್ಟಿನಿಂದಲ್ಲ. ನಾನು ತಿದ್ದಿ ಕೊಟ್ಟಿದ್ದೆ.

ಕಾಕ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ತುಂಬ ಸಿಲಿಕಾ ಜೆಲ್ ಪೊಟ್ಟಣಗಳು, ಹೊಸ ಶೂ, ಹೊಸ ಬ್ಯಾಗಿನೊಳಗೆ ಸಿಗುತ್ತವಲ್ಲ, ಆ ಬಿಳಿ ಪೊಟ್ಟಣಗಳು. ಅವುಗಳ ನಡುವೆ ಒಂದು ಕಾಲುಚೀಲ, ಕಾಲುಚೀಲದೊಳಗೆ ಒಂದು ಗಂಟೆ. ಟೀ ಗ್ಲಾಸಿನಷ್ಟು ಎತ್ತರ. ಮೈಯೆಲ್ಲ ಹಸಿರು ಕಿಲುಬು. ಒಳಗೆ ನಾಲಿಗೆ ಇರಲಿಲ್ಲ.

ಆ ಪೊಟ್ಟಣಗಳನ್ನು ನೋಡಿದ ಕೂಡಲೇ ನೆನಪಾಯಿತು. ಚಳಿಗಾಲದಲ್ಲಿ ಒಂದು ದಿನ ಅವನು ಸುಮ್ಮನೆ ಕೇಳುವವನ ಹಾಗೆ ಕೇಳಿದ್ದ: ಹಳೆಯ ಕಂಚು ಪುಡಿಯಾಗದ ಹಾಗೆ ಇಡಬೇಕಾದರೆ ಏನು ಮಾಡಬೇಕು? ತೇವ ತಾಗಬಾರದು, ಕೈಯಲ್ಲಿ ಮುಟ್ಟಬಾರದು, ಸಿಲಿಕಾ ಜೆಲ್ ಹಾಕಿ ಮುಚ್ಚಿಡಬೇಕು ಎಂದು ಹೇಳಿದ್ದೆ. ಯಾವುದೋ ವಾಲ್ವಿನ ಬಗ್ಗೆ ಕೇಳುತ್ತಿದ್ದಾನೆ ಎಂದುಕೊಂಡಿದ್ದೆ.

"ಅವನ ಅಕ್ಕ ಟರ್ಕಿಯಲ್ಲಿ ಇದ್ದಾಳೆ," ಎಂದರು ಕಾಕ. "ಬಟ್ಟೆ, ಮೊಬೈಲು, ಸರ್ಟಿಫಿಕೇಟು ಎಲ್ಲ ಪ್ಯಾಕ್ ಮಾಡಿ ಕಾರ್ಗೋಗೆ ಕೊಟ್ಟೆ. ಇದನ್ನು ಮಾತ್ರ ಅವರು ತೆಗೊಳ್ಲಿಲ್ಲ. ಹಳೇ ಕಾಲದ್ದು ಹಾಗೆ ಕಾಣ್ತದೆ, ಪೇಪರ್ ಇಲ್ಲದೆ ಮಾಫಿ, ಆಗೂದಿಲ್ಲ ಅಂತ ಹೇಳ್ತಾರೆ. ನೀವು ಒಂದು ಪೇಪರ್ ಕೊಟ್ರೆ ಆಯ್ತು. ಹೊಸತು, ಸೂಕ್ ಬಜಾರಿನಲ್ಲಿ ತೆಗೊಂಡದ್ದು ಅಂತ."

"ನೋಡದೆ ಹೇಗೆ ಕಾಕ ಬರೆಯೋದು?"

"ನೋಡಿಯೇ ಬರೀರಿ. ನಾನೆಲ್ಲಿ ಬೇಡ ಹೇಳಿದೆ?"

ನೋಡಿದೆ. ಮ್ಯಾನೇಜರ ಅನುಮತಿ, ಜಾಬ್ ನಂಬರು ಎಲ್ಲ ಮಾಡಿಕೊಂಡೇ ನೋಡಿದೆ. ನಮ್ಮಲ್ಲಿ ಗನ್ ಎಂದೇ ಕರೆಯುವ ಒಂದು ಎಕ್ಸ್-ರೇ ಉಪಕರಣವಿದೆ. ಲೋಹಕ್ಕೆ ತಾಗಿಸಿ ಹಿಡಿದರೆ ಅರೆ ನಿಮಿಷದಲ್ಲಿ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುತ್ತದೆ. ಅಂಚಿನ ಬಳಿ ಕಿಲುಬು ಉದುರಿದ್ದ ಕಡೆ ಹಿಡಿದೆ. ಐದರಲ್ಲಿ ನಾಲ್ಕು ಪಾಲು ತಾಮ್ರ, ಉಳಿದದ್ದು ಬಹುಮಟ್ಟಿಗೆ ತವರ, ಚೂರು ಸೀಸ. ಸತು ಇಲ್ಲ. ಸೂಕ್‌ನಲ್ಲಿ ಮಾರುವ ಅಲಂಕಾರದ ಗಂಟೆಗಳೆಲ್ಲ ಹಿತ್ತಾಳೆಯವು, ಅವುಗಳಲ್ಲಿ ಸತು ಇದ್ದೇ ಇರುತ್ತದೆ. ಇದು ಶುದ್ಧ ಗಂಟೆಯ ಕಂಚು, ನಾದಕ್ಕಾಗಿ ಎರಕ ಹೊಯ್ದದ್ದು.

ಕಾಕ ನನ್ನ ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು. ಗಂಟೆಯ ಹೊಟ್ಟೆಯ ಮೇಲೆ ಉಬ್ಬಿದ ಒಂದು ಚಿತ್ರವಿತ್ತು: ಕೆಳಗೆ ಚೂಪಾಗುವ ಒಂದು ಗುರಾಣಿ, ಅದರ ನಡುವೆ ಅಡ್ಡ ಪಟ್ಟಿ, ಮೇಲೆ ಎರಡು ಹಕ್ಕಿ, ಕೆಳಗೆ ಒಂದು.

"ಈ ಹಕ್ಕಿಗಳಿಗೆ ಕಾಲು ಇಲ್ಲ ಅಲ್ವಾ?"

"ಸವೆದಿರಬೇಕು."

ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಸವೆದಿರಲಿಲ್ಲ. ಕಾಲು ಇರಬೇಕಾದಲ್ಲಿ ಎರಡು ಪುಟ್ಟ ಗರಿಗುಚ್ಛ. ಮಾಡಿದವನು ಕಾಲನ್ನು ಬೇಕೆಂದೇ ಬಿಟ್ಟಿದ್ದ. ಗಂಟೆಯ ಹೆಗಲಿನ ಸುತ್ತ ಏನೋ ಅಕ್ಷರಗಳೂ ಇದ್ದವು. ಅರಬ್ಬಿಯಲ್ಲ. ಅಷ್ಟು ಮಾತ್ರ ನನಗೆ ಗೊತ್ತಾಯಿತು.

ಇಂಥದ್ದು ಗೊತ್ತಿದ್ದವರು ಒಬ್ಬರಿದ್ದರು. ಒಂದು ಖಾಸಗಿ ಸಂಗ್ರಹದಲ್ಲಿ ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಈಜಿಪ್ಟಿನ ಹೆಂಗಸು. ನಿವೃತ್ತಿಯ ಹತ್ತಿರದ ವಯಸ್ಸು. ತಮ್ಮ ವಸ್ತುಗಳನ್ನು ಪರೀಕ್ಷೆಗೆ ನಮ್ಮಲ್ಲಿಗೆ ತರುತ್ತಿದ್ದವರು. ಅವರಿಗೆ ಎರಡು ಫೋಟೋ ಕಳಿಸಿದೆ. ಯೋಚಿಸದೆ ಕಳಿಸಿದೆ. ಕಾಕನನ್ನು ಕೇಳದೆ ಕಳಿಸಿದೆ. ಐದೇ ನಿಮಿಷಕ್ಕೆ ಅವರ ಫೋನ್ ಬಂತು. "ಅದನ್ನು ತೊಳೆಯಬೇಡ. ಬರುತ್ತಿದ್ದೇನೆ."

ಬಂದವರು ಕನ್ನಡಕ ಏರಿಸಿ, ಗಂಟೆಯನ್ನು ಮುಟ್ಟದೆ ಸುತ್ತಲೂ ನೋಡಿದರು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಈ ಕಡೆಯ ಸುಲ್ತಾನರ ಅಮೀರರೂ ಲಾಂಛನ ಇಟ್ಟುಕೊಂಡಿದ್ದರು, ಬಟ್ಟಲು, ಕತ್ತಿ, ಸಿಂಹ, ಆದರೆ ಅವರ ಗುರಾಣಿ ಸಾಮಾನ್ಯವಾಗಿ ದುಂಡು ಎಂದರು. ಇಂಥ ಚೂಪು ಬುಡದ ಗುರಾಣಿ ಪಶ್ಚಿಮದ್ದು. ಶಿಲುಬೆ ಯುದ್ಧದ ಕಾಲದಲ್ಲಿ ಯುರೋಪಿನಿಂದ ಬಂದು ಸಿರಿಯಾದ ತೀರದಲ್ಲಿ ಕೋಟೆ ಕಟ್ಟಿಕೊಂಡು ಕೂತ ಸರದಾರರ ಮನೆತನವೊಂದರದು. ಅಕ್ಷರಗಳು ಲ್ಯಾಟಿನ್, ಮೇಣದ ಎಳೆಯಲ್ಲಿ ಅಕ್ಷರ ಮಾಡಿ ಅಂಟಿಸಿ ಎರಕ ಹೊಯ್ದಿದ್ದಾರೆ, ಒಂದೆರಡು ತಿರುಗುಮುರುಗಾಗಿವೆ. ಕೋಟೆಯೊಳಗಿನ ಪುಟ್ಟ ಪ್ರಾರ್ಥನಾಮಂದಿರದ ಗಂಟೆ ಇರಬೇಕು. ಏಳು ನೂರು ವರ್ಷವಾದರೂ ಆಗಿದೆ.

"ಹಕ್ಕಿಗೆ ಕಾಲಿಲ್ಲವಲ್ಲ?" ಎಂದೆ.

"ಆಸ್ತಿಯಲ್ಲಿ ಪಾಲಿಲ್ಲದ ಕಿರಿಯ ಮಗನ ಗುರುತು ಅನ್ನುತ್ತಾರೆ, ನೆಲಕ್ಕಿಳಿಯಲು ಜಾಗವಿಲ್ಲದವನು ಅಂತ. ಆ ಕಥೆ ಆಮೇಲೆ ಹುಟ್ಟಿದ್ದು. ನಂಬಬೇಡ."

ಆಮೇಲೆ ಅವರು ಕೈಗವಸು ಹಾಕಿಕೊಂಡು ಗಂಟೆಯನ್ನು ಮಗುಚಿ ಒಳಗೆ ಟಾರ್ಚ್ ಬಿಟ್ಟರು. ಬಾಯಿ ಅಂಚಿನ ಒಳಗೆ, ಕಿಲುಬಿನ ಮೇಲೆ, ಬಿಳಿ ಬಣ್ಣದ ಒಂದು ಕಲೆ ಇತ್ತು. ನಾನು ಅದನ್ನು ಉಪ್ಪಿನ ಕಲೆ ಎಂದುಕೊಂಡಿದ್ದೆ. ಹಿಗ್ಗಿಸಿ ನೋಡಿದರೆ ಅದು ಕುಂಚದಲ್ಲಿ ಬರೆದ ಅಂಕಿ. ಮೊದಲ ಭಾಗವನ್ನು ಯಾರೋ ಚೂಪಾದ ಯಾವುದರಿಂದಲೋ ಕೆರೆದಿದ್ದರು. ಕೊನೆಯ ಮೂರು ಅಂಕಿ ಉಳಿದಿದ್ದವು.

"ಇದು ಉತ್ಖನನದವರು ಬರೆಯುವ ನಂಬರು," ಎಂದು ಅವರು ಮೆತ್ತಗೆ ಹೇಳಿದರು. "ಇದು ಒಂದು ಉಗ್ರಾಣದಲ್ಲಿತ್ತು. ಅಲ್ಲಿಂದ ತೆಗೆದಿದ್ದಾರೆ."

ಕಾಕನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ನಮ್ಮಿಬ್ಬರ ಮುಖ ನೋಡಿ ಅರ್ಥವಾಯಿತು. ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ. ಅವರು ಡಬ್ಬಿಯ ಮುಚ್ಚಳವನ್ನು ಕೈಗೆತ್ತಿಕೊಂಡರು.

"ಅಂದ್ರೆ ಕದ್ದದ್ದು ಅಂತ ನೀವು ಹೇಳೂದು."

"ಅವನೇ ಕದ್ದ ಅಂತ ಯಾರೂ ಹೇಳ್ತಿಲ್ಲ ಕಾಕ."

"ಹೇಳೂದು ಎಂತಕೆ? ಅವನ ಸಾಮಾನಿನಲ್ಲಿ ಸಿಕ್ಕಿತು ಅಂತ ಬರೆದ್ರೆ ಸಾಕು. ಮೇಡಂ, ನಾಲ್ಕು ವರ್ಷ ಅವ ನನ್ನ ಹತ್ರ ಮಲಗಿದವ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವ. ನಾನೇ ಅವನಿಗೆ ಮಯ್ಯತ್ ಸ್ನಾನ, ಕೊನೆಯ ಸ್ನಾನ ಮಾಡಿಸಿದ್ದೇನೆ. ಅವನ ಮೇಲೆ ಕಳ್ಳ ಅಂತ ಬರೀಬೇಡಿ."

"ನಾನು ನೋಡಿಬಿಟ್ಟಿದ್ದೇನೆ," ಎಂದರು ಈಜಿಪ್ಟಿನವರು, ಭಾಷೆ ಅರ್ಥವಾಗದಿದ್ದರೂ ಮಾತು ಅರ್ಥವಾದ ಹಾಗೆ. "ನೋಡಿದ ಮೇಲೆ ನಾನು ತಿಳಿಸಲೇಬೇಕು. ನನ್ನ ಕೆಲಸ ಅದು. ನಿನ್ನ ರಿಪೋರ್ಟಿನಲ್ಲಿ ಲೋಹದ ಅಂಕಿಗಳಷ್ಟೇ ಇದ್ದರೂ ಸಾಕು. ಆ ನಂಬರಿನ ಫೋಟೋ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು."

ಎರಡು ದಿನ ಯೋಚಿಸಿದೆ. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು, "ನಿನಗ್ಯಾಕೆ ಈ ಉಸಾಬರಿ, ಲೋಹ ಏನು ಅಂತ ಬರೆದು ಕೈ ತೊಳ್ಕೊ" ಅಂದರು. ಇಲ್ಲಿ ವಾರ ಶುರುವಾಗುವ ಭಾನುವಾರ ಆಫೀಸಿಗೆ ಹೋಗಿ ನಂಬರಿನ ಫೋಟೋ ಹಾಕಿಯೇ ಸಹಿ ಮಾಡಿದೆ. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ, ಮೆಷೀನ್ ಹೇಳಿದ್ದನ್ನೇ ಬರಿ ಎಂದು ನನಗೆ ಹೇಳಿದವನೇ ಅವನು ಎನ್ನುತ್ತಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಹನ್ನೊಂದು ವರ್ಷ ಪೈಪು ನೋಡಿದವಳ ಕೈಗೆ ಮೊದಲ ಬಾರಿ ಇಂಥದ್ದೊಂದು ಬಂದಿತ್ತು. ನಾನು ಅದನ್ನು ಸರಿಯಾಗಿ ಗುರುತಿಸಿದ್ದೆ. ಅದು ಪೂರ್ತಿಯಾಗಿ ಕಾಗದದ ಮೇಲೆ ಇರಬೇಕು ಅನ್ನಿಸಿತ್ತು.

ಈಜಿಪ್ಟಿನವರು ತಿಳಿಸಿದ್ದ ಪುರಾತತ್ವ ಇಲಾಖೆಯವರು ಸೋಮವಾರ ಬಂದು ಗಂಟೆಯನ್ನೂ ರಿಪೋರ್ಟನ್ನೂ ಒಯ್ದರು. ಬುಧವಾರ ಅವನ ಅಕ್ಕನ ಫೋನ್ ಬಂತು. ಕಾಕನಿಂದ ನನ್ನ ನಂಬರು ತೆಗೆದುಕೊಂಡಿದ್ದಳು. ಅವಳಿಗೆ ಅರಬ್ಬಿ ಮಾತ್ರ ಬರುತ್ತಿತ್ತು. ನಾನು ಈಜಿಪ್ಟಿನವರನ್ನು ಕರೆಸಿ, ಫೋನನ್ನು ಲ್ಯಾಬಿನ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಅವಳು ಒಂದಿಷ್ಟು ಹೇಳುವುದು, ಇವರು ನನಗೆ ಇಂಗ್ಲಿಷಿನಲ್ಲಿ ಹೇಳುವುದು.

ಅವಳ ಅಪ್ಪ ಒಂದು ಕೋಟೆಯ ಬುಡದಲ್ಲಿದ್ದ ಉತ್ಖನನದ ಮನೆಯ ಕಾವಲುಗಾರ. ಬೇಸಿಗೆಯಲ್ಲಿ ಹೊರದೇಶದವರು ಬಂದು ಅಗೆದು ಹೋಗುತ್ತಿದ್ದರು, ಉಳಿದ ತಿಂಗಳೆಲ್ಲ ಉಗ್ರಾಣದ ಬೀಗದ ಕೈ ಅಪ್ಪನ ಸೊಂಟದಲ್ಲಿ. ಯುದ್ಧ ಬಂತು, ಹೊರದೇಶದವರು ಬರುವುದು ನಿಂತಿತು. ಬಂದೂಕಿನವರು ಊರಿಗೆ ಬರುತ್ತಿದ್ದಾರೆ ಎಂದು ಗೊತ್ತಾದಾಗ ಅಪ್ಪನೂ ತಮ್ಮನೂ ಸೇರಿ ಒಳ್ಳೆಯ ಹನ್ನೊಂದು ವಸ್ತುಗಳನ್ನು ಆರಿಸಿ ಮನೆಯ ಒಲೆಯ ಕೆಳಗೆ ಹೂತರು. ಬಂದವರಿಗೆ ಉಗ್ರಾಣದಲ್ಲಿ ಬೆಲೆಬಾಳುವಂಥದ್ದೇನೂ ಸಿಗಲಿಲ್ಲ. ಅಪ್ಪನನ್ನು ಕೇಳಿದರು. ಮೂರು ದಿನ ಕೇಳಿದರು. ಅಪ್ಪ ಹೇಳಲಿಲ್ಲ.

ಇಲ್ಲಿಗೆ ಬಂದಾಗ ಈಜಿಪ್ಟಿನವರು ಅನುವಾದ ನಿಲ್ಲಿಸಿದರು. ಆ ಕಡೆ ಹೆಂಗಸು ಮಾತಾಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಇವರು, "ಅಪ್ಪನನ್ನು ಕೊಂದರು" ಎಂದಷ್ಟೇ ಹೇಳಿದರು.

ಊರು ಬಿಡುವಾಗ ತಮ್ಮನಿಗೆ ಒಯ್ಯಲು ಸಾಧ್ಯವಾದದ್ದು ಒಂದೇ, ಎಲ್ಲಕ್ಕಿಂತ ಚಿಕ್ಕದು. ಉಳಿದ ಹತ್ತು ಏನಾದವೋ ಗೊತ್ತಿಲ್ಲ. ಆ ಮನೆಯೇ ಈಗ ಇಲ್ಲ.

"ನಂಬರನ್ನು ಕೆರೆದವರು ಯಾರು ಎಂದು ಕೇಳಿ," ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೇಳಬೇಕಾದದ್ದು ಆಗ ಅದಾಗಿರಲಿಲ್ಲ.

ಗೊತ್ತಿಲ್ಲ ಎಂದಳು. ಚೆಕ್‌ಪೋಸ್ಟಿನಲ್ಲಿ ಸಿಕ್ಕಿದರೆ ಮನೆಯ ಹಳೆಯ ಗಂಟೆ ಅನ್ನಲಿಕ್ಕಾಗಲಿ ಎಂದು ತಮ್ಮನೇ ಕೆರೆದಿರಬಹುದು.

"ಇಲ್ಲಿಗೆ ಬಂದ ಮೇಲೆ ಯಾಕೆ ಯಾರಿಗೂ ಒಪ್ಪಿಸಲಿಲ್ಲ?" ಎಂದು ಕೇಳಿಸಿದೆ.

ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಈಜಿಪ್ಟಿನವರು ನೆಲ ನೋಡಿಕೊಂಡು ಹೇಳಿದರು. "ಒಪ್ಪಿಸಿದರೆ ಕಳ್ಳ ಎನ್ನುತ್ತಾರೆ ಎಂದು ಹೆದರುತ್ತಿದ್ದನಂತೆ. ಹೆದರಿದ್ದು ಸರಿಯೇ ಆಯಿತಲ್ಲ ಅನ್ನುತ್ತಾಳೆ."

ಫೋನಿಡುವ ಮುಂಚೆ ಅವಳು ಒಂದು ಕೇಳಿಕೊಂಡಳು. ನಾನು ಬರೆದ ಕಾಗದದಲ್ಲಿ, ಇದನ್ನು ಅವನು ಜೋಪಾನವಾಗಿ ಇಟ್ಟಿದ್ದ ಎಂದು ಒಂದು ಸಾಲು ಸೇರಿಸಬಹುದೇ?

ನನ್ನ ರಿಪೋರ್ಟಿನ ಫಾರ್ಮಿನಲ್ಲಿ ಅಂಥ ಸಾಲಿಗೆ ಜಾಗವಿರಲಿಲ್ಲ. ರಿಪೋರ್ಟು ಆಗಲೇ ಹೋಗಿಯೂ ಆಗಿತ್ತು. ಅವಳು ಹೇಳಿದ್ದು ನಿಜವೇ ಎಂದು ಈಜಿಪ್ಟಿನವರನ್ನು ಕೇಳಿದೆ. "ನಿಜ ಇರಬಹುದು," ಎಂದರು. "ಇಂಥದೇ ಕಥೆಗಳನ್ನು ಮಾರುವವರ ಬಾಯಲ್ಲೂ ಕೇಳಿದ್ದೇನೆ. ನಾನು ಇವಳನ್ನು ನಂಬುತ್ತೇನೆ, ಯಾ ಬಿಂತಿ, ಮಗಳೇ. ನನ್ನ ನಂಬಿಕೆಯಿಂದ ಯಾವ ಕಾಗದವೂ ಬದಲಾಗುವುದಿಲ್ಲ." ನಾನು ಪ್ರತ್ಯೇಕವಾಗಿ ಒಂದು ಪತ್ರ ಬರೆದೆ. ಶೂ ಡಬ್ಬಿ, ಕಾಲುಚೀಲ, ನೂರಾರು ಪೊಟ್ಟಣಗಳು, ಚಳಿಗಾಲದಲ್ಲಿ ಅವನು ಕೇಳಿದ ಪ್ರಶ್ನೆ ಎಲ್ಲವನ್ನೂ ಬರೆದು ಗಂಟೆಯನ್ನು ವಶಕ್ಕೆ ತೆಗೆದುಕೊಂಡವರಿಗೆ ಕಳಿಸಿದೆ. ಸ್ವೀಕರಿಸಲಾಗಿದೆ ಎಂಬ ಮೇಲ್ ಬಂತು. ಅಷ್ಟೇ.

ವಿಚಾರಣೆ ಕಾಕನದೇ ಆಯಿತು. ಸತ್ತವನನ್ನು ಕೇಳುವ ಹಾಗಿಲ್ಲ, ವಸ್ತು ಇದ್ದದ್ದು ಕಾಕನ ಕೈಯಲ್ಲಿ. ಪೊಲೀಸರು ಸಭ್ಯವಾಗಿಯೇ ಮಾತಾಡಿದರು, ಕೂರಿಸಿ ಚಹಾ ಕೊಟ್ಟು ಕೇಳಿದರು. ಆದರೆ ನಾಲ್ಕು ದಿನ ಕೇಳಿದರು. ಫೋನು ತೆಗೆದುಕೊಂಡು ಹೋದರು. ಕೊನೆಗೆ ಅವರ ಮೇಲೆ ಏನೂ ಇಲ್ಲ ಎಂದೇ ಬಿಟ್ಟರು. ಯಾರ್ಡಿನವರು ಬಿಡಲಿಲ್ಲ. ಪೊಲೀಸು ಬಂದ ಮನುಷ್ಯನನ್ನು ಸ್ಟೋರಿನಲ್ಲಿ ಇಟ್ಟುಕೊಳ್ಳಲು ಅವರಿಗೆ ಹೆದರಿಕೆ. ವಯಸ್ಸಾಯಿತು ಎಂಬ ಕಾರಣ ಬರೆದು ವೀಸಾ ರದ್ದು ಮಾಡಿದರು. ಮುಐದರ್ ವಿಲ್ಲಾದ ಉಳಿದವರೂ ಬೇರೆ ಕಡೆ ನೋಡಿಕೊಳ್ಳಿ ಎಂದರಂತೆ. ಟಿಕೆಟ್ ಆಗುವವರೆಗೆ ದೋಹಾ ಅಲ್ ಜದೀದಾದಲ್ಲಿ ಸಂಬಂಧಿಕರೊಬ್ಬರ ಫ್ಲ್ಯಾಟಿನ ಹಾಲ್‌ನಲ್ಲಿ ಮಲಗುತ್ತಿದ್ದರು.

ಹೋಗುವ ಮುಂಚೆ ಒಮ್ಮೆ ಲ್ಯಾಬಿಗೆ ಬಂದರು. ನನ್ನನ್ನು ನೋಡಲಿಕ್ಕಲ್ಲ. ಸ್ಟೋರಿನಲ್ಲಿದ್ದ ನಮ್ಮ ಮಾದರಿ ತುಂಡುಗಳನ್ನು ಹಿಂದಿರುಗಿಸಿ ನನ್ನಿಂದ ಸಹಿ ಪಡೆಯಬೇಕಿತ್ತು. ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ನಾನು ಸಹಿ ಮಾಡಿದೆ.

"ಕಾಕ, ನನ್ನಿಂದ ಹೀಗಾಯ್ತು."

"ನಿಮ್ಮಿಂದ ಅಂತ ನಾನು ಯಾರ ಹತ್ರವೂ ಹೇಳ್ಲಿಲ್ಲ."

"ನಾನು ಸುಳ್ಳು ಬರೆಯೋಕಾಗ್ತಿರಲಿಲ್ಲ."

"ಸುಳ್ಳು ಬರೀರಿ ಅಂತ ಕೇಳಿದ್ದು ಹೌದು, ಅದು ನನ್ನ ತಪ್ಪು." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು. "ಆದ್ರೆ ಆ ಫೋಟೋ ತೆಗೆದು ಕಳಿಸುವ ಮೊದ್ಲು ನನ್ನತ್ರ ಒಂದು ಮಾತು ಕೇಳ್ಬಹುದಿತ್ತು ಮೇಡಂ. ನಾನು ಅಲ್ಲಿಯೇ ನಿಂತಿದ್ದೆ ಅಲ್ವಾ?"

ಹೊರಗೆ ಐವತ್ತರ ಹತ್ತಿರದ ಬಿಸಿಲು. ಅವರು ತಲೆಗೆ ಟವೆಲ್ ಸುತ್ತಿಕೊಂಡು ನಡೆದು ಹೋದರು. ಇಪ್ಪತ್ತೆಂಟು ವರ್ಷ ಆ ರಸ್ತೆಯಲ್ಲಿ ಓಡಾಡಿದವರನ್ನು ಬಸ್ ಸ್ಟಾಪಿನವರೆಗೂ ಬಿಡಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮಧ್ಯಾಹ್ನ ನಾಲ್ಕು ವಾಲ್ವುಗಳ ರಿಪೋರ್ಟು ಮುಗಿಸಬೇಕಿತ್ತು.

ಒಂದು ವರ್ಷ ಕಳೆದ ಮೇಲೆ ಈಜಿಪ್ಟಿನವರು ಒಂದು ಪುಟದ ನಕಲನ್ನು ಕಳಿಸಿದರು. ಗಂಟೆಯ ಮೇಲೆ ಉಳಿದಿದ್ದ ಮೂರು ಅಂಕಿಗಳನ್ನು ಹಿಡಿದು, ಗುರಾಣಿಯ ಫೋಟೋ ಜೊತೆಗಿಟ್ಟು ಎಲ್ಲೆಲ್ಲಿಗೋ ಬರೆದಿದ್ದರಂತೆ. ಆ ಉತ್ಖನನ ನಡೆಸಿದ್ದವರ ಹಳೆಯ ದಾಖಲೆ ಪುಸ್ತಕದ ಪ್ರತಿಯೊಂದು ಹೊರದೇಶದಲ್ಲಿ ಉಳಿದಿತ್ತು. ಅದರಲ್ಲಿ ಇದು ಸಿಕ್ಕಿತು: ಚಿಕ್ಕ ಗಂಟೆ, ಕಂಚು, ನಾಲಿಗೆ ಇಲ್ಲ, ಗುರಾಣಿಯ ಮೇಲೆ ಅಡ್ಡಪಟ್ಟಿ, ಮೂರು ಹಕ್ಕಿ, ಸಿಕ್ಕಿದ್ದು ಕೋಟೆಯೊಳಗಿನ ನೀರಿನ ತೊಟ್ಟಿಯಲ್ಲಿ. ಕೋಟೆ ಬೀಳುವ ಹೊತ್ತಿಗೆ ಯಾರೋ ಅದನ್ನು ನೀರಿಗೆ ಹಾಕಿ ಹೋಗಿರಬೇಕು ಎಂದು ಈಜಿಪ್ಟಿನವರ ಊಹೆ. ಪುಟದ ಕೊನೆಯಲ್ಲಿ, ಉಗ್ರಾಣಕ್ಕೆ ತೆಗೆದುಕೊಂಡವರು ಎಂಬ ಅಂಕಣದಲ್ಲಿ ಅರಬ್ಬಿಯಲ್ಲಿ ಒಂದು ಸಹಿ ಇತ್ತು.

ಅದನ್ನು ಅವನ ಅಕ್ಕನಿಗೆ ಕಳಿಸಿದೆ. ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಒಂದು ಸಾಲು ಬಂತು. ಇದು ಅಪ್ಪನ ಕೈ. ಆಮೇಲೆ ಅವಳು ಬರೆದಿಲ್ಲ.

ಗಂಟೆ ಈಗಲೂ ಮೊಹರು ಹಾಕಿದ ಪೆಟ್ಟಿಗೆಯಲ್ಲಿದೆ. ಸಿರಿಯಾದಲ್ಲಿ ಅದನ್ನು ತೆಗೆದುಕೊಳ್ಳುವವರು ಯಾರು ಎಂದು ತೀರ್ಮಾನವಾಗುವವರೆಗೆ ಹಿಂದಿರುಗಿಸುವ ಹಾಗಿಲ್ಲ. ಕಡತದಲ್ಲಿ ಅವನ ಹೆಸರಿನ ಮುಂದೆ, ಮೃತನ ಸಾಮಾನಿನಿಂದ ವಶಪಡಿಸಿಕೊಂಡದ್ದು ಎಂದೇ ಇದೆ.

ಆ ಪುಟದ ವಿಷಯ ಹೇಳಲು ಕಾಕನಿಗೆ ಫೋನ್ ಮಾಡಿದೆ. ಅದಕ್ಕೆ ಮುಂಚೆ ಎರಡು ಹಬ್ಬಕ್ಕೂ ಮಾಡಿದ್ದೆ. ಎರಡು ಸಲವೂ ಅವರ ಹೆಂಡತಿ, ಮಸೀದಿಗೆ ಹೋಗಿದ್ದಾರೆ ಎಂದಿದ್ದರು. ಈ ಸಲ ಅವರೇ ಎತ್ತಿದರು. ದಾಖಲೆ ಪುಸ್ತಕ, ನೀರಿನ ತೊಟ್ಟಿ, ಅಪ್ಪನ ಸಹಿ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿದರು.

"ಹೌದಾ," ಎಂದರು. "ಒಳ್ಳೆದಾಯ್ತು ಮೇಡಂ. ಇಲ್ಲಿ ಜೋರು ಮಳೆ ಬರ್ತಾ ಉಂಟು, ನೀವು ಹೇಳೂದು ಸರಿ ಕೇಳೂದಿಲ್ಲ. ಇಡ್ತೇನೆ."

ಫೋನಿನಲ್ಲಿ ಮಳೆಯ ಸದ್ದು ಇರಲಿಲ್ಲ.